ನಿಮಗೆ ಹಾಕಿದ ಸ್ಟೆಂಟ್ ರೀಕಾಲ್ ಆಗಿದೆಯೇ? ಪತ್ತೆ ಮಾಡುವುದು ಹೇಗೆ, ಆಮೇಲೇನು

‘ಅಪ್ಪನಿಗೆ ಹಾಕಿದ ಸ್ಟೆಂಟ್ ಕಂಪನಿಯ ಹೆಸರು ರೀಕಾಲ್ ಸುದ್ದಿಯಲ್ಲಿ ಬಂದಿದೆ, ಈಗ ಏನು ಮಾಡಬೇಕು?’ ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ರೀಕಾಲ್ ಎಂದರೆ ದೋಷ ಕಂಡ ಸಾಧನವನ್ನು ಕಂಪನಿ ವಾಪಸ್ ಕರೆಸುವುದು ಅಥವಾ ಸರಿಪಡಿಸುವುದು. ಕೆಲವರದು ಹೃದಯದ ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ), ಕೆಲವರದು ಮಹಾಪಧಮನಿಯ ಗ್ರಾಫ್ಟ್, ಇನ್ನು ಕೆಲವರದು ಕಾಲಿನ ರಕ್ತನಾಳಕ್ಕೆ ಬಳಸಿದ ಬಲೂನು. ಕೇಳುವವರ ಫೋನಿನಲ್ಲಿ ಸುದ್ದಿಯ ಸ್ಕ್ರೀನ್‌ಶಾಟ್ ಇರುತ್ತದೆ. ಮೈಯೊಳಗಿರುವ ಸಾಧನದ ಲಾಟ್ ನಂಬರ್ ಮಾತ್ರ ಇರುವುದಿಲ್ಲ. ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಆ ನಂಬರಿನ ಹತ್ತಿರವೇ. ಕಂಪನಿಯ ಹೆಸರು ಹೊಂದಿತು ಎಂದಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ಎಷ್ಟೋ ಸಲ ಒಂದೇ ಮಾಡೆಲ್‌ನಲ್ಲಿ ಕೆಲವು ಲಾಟ್‌ಗಳಷ್ಟೇ ವಾಪಸಾಗಿರುತ್ತವೆ. ಲಾಟ್ ಎಂದರೆ ಕಾರ್ಖಾನೆಯಲ್ಲಿ ಒಂದು ಸಲಕ್ಕೆ ಒಟ್ಟಾಗಿ ತಯಾರಾದ ಗುಂಪು.

ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ.

ಒಂದು: ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಸರಿ ಇಲ್ಲವಂತೆ ಎಂದು ಕೇಳಿದ ದಿನವೇ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲರ್‌ನಂಥ ಮಾತ್ರೆಗಳನ್ನು ಬಿಟ್ಟುಬಿಡುವವರಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಈ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಹೃದಯಾಘಾತ ಆಗಬಹುದು. ರೀಕಾಲ್ ಆದ ದೋಷ ನಿಮ್ಮನ್ನು ತಟ್ಟುತ್ತದೋ ಇಲ್ಲವೋ ಗೊತ್ತಿಲ್ಲ, ಇದು ಮಾತ್ರ ಖಂಡಿತ ತಟ್ಟಬಹುದು.

ಎರಡು: ಎದೆ ಬಿಗಿತ, ಉಸಿರಾಟದ ಕಷ್ಟ, ಇದ್ದಕ್ಕಿದ್ದಂತೆ ಬೆನ್ನಿನಲ್ಲೋ ಹೊಟ್ಟೆಯಲ್ಲೋ ಸೀಳಿದಂಥ ನೋವು, ಕಾಲು ತಣ್ಣಗಾಗಿ ಬಿಳಿಚಿಕೊಳ್ಳುವುದು, ಮಾತು ತೊದಲುವುದು, ಮುಖ ಒಂದು ಕಡೆ ಎಳೆದುಕೊಳ್ಳುವುದು. ಇವುಗಳಲ್ಲಿ ಯಾವುದು ಕಂಡರೂ ಈ ಲೇಖನ ಓದುತ್ತಾ ಕೂರಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಲಾಟ್ ನಂಬರ್ ಆಮೇಲೆ ಹುಡುಕಬಹುದು.

1. ಸ್ಟಿಕ್ಕರ್ ಹುಡುಕಿ

ರಕ್ತನಾಳದಲ್ಲಿ ಬಿಟ್ಟುಬರುವ ಪ್ರತಿಯೊಂದು ಸಾಧನದ ಪೆಟ್ಟಿಗೆಯೊಳಗೂ ಸಾಮಾನ್ಯವಾಗಿ ಕಿತ್ತು ಅಂಟಿಸಬಹುದಾದ ಸಣ್ಣ ಸ್ಟಿಕ್ಕರ್‌ಗಳು ಬರುತ್ತವೆ. ಕ್ಯಾತ್ ಲ್ಯಾಬ್‌ನಲ್ಲಿ, ಅಂದರೆ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಸಿಬ್ಬಂದಿ ಒಂದನ್ನು ರೋಗಿಯ ಕೇಸ್ ಫೈಲಿಗೆ ಅಂಟಿಸುತ್ತಾರೆ, ಇನ್ನೊಂದು ಬಿಲ್ಲಿನ ಜೊತೆ ಹೋಗುತ್ತದೆ, ಮತ್ತೊಂದು ರೋಗಿಗೆ ಕೊಡುವ ಇಂಪ್ಲಾಂಟ್ ಕಾರ್ಡಿನಲ್ಲಿ ಕೂರುತ್ತದೆ. ಹಾಗಾಗಿ ಈ ಅನುಕ್ರಮದಲ್ಲಿ ಹುಡುಕಿ: ಇಂಪ್ಲಾಂಟ್ ಕಾರ್ಡ್, ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟ, ವಿವರವಾದ ಬಿಲ್, ವಿಮೆಗೆ ಕಳಿಸಿದ ಕಾಗದಗಳ ಪ್ರತಿ. ವಿಮೆಯ ಕಡತವನ್ನು ಬಹಳ ಜನ ಮರೆಯುತ್ತಾರೆ. ಕ್ಲೇಮ್‌ಗೆ ಸ್ಟಿಕ್ಕರ್ ಕೇಳಿದ್ದರೆ ಅದರ ನಕಲು ಅಲ್ಲಿ ಇದ್ದೇ ಇರುತ್ತದೆ.

ಮನೆಯಲ್ಲಿ ಸಿಗದಿದ್ದರೆ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಡಿ. ‘ನನ್ನ ರಿಪೋರ್ಟ್ ಕೊಡಿ’ ಎಂದು ಕೇಳಿದರೆ ಡಿಸ್ಚಾರ್ಜ್ ಸಮ್ಮರಿಯ ನಕಲು ಕೊಟ್ಟು ಕಳಿಸುತ್ತಾರೆ. ‘ಪ್ರೊಸೀಜರ್ ನೋಟ್ ಮತ್ತು ಇಂಪ್ಲಾಂಟ್ ಸ್ಟಿಕ್ಕರ್ ಇರುವ ಪುಟ’ ಎಂದು ಹೆಸರಿಟ್ಟು ಕೇಳಿ. ಚಿಕಿತ್ಸೆಯ ದಿನಾಂಕ ಮತ್ತು ಒಳರೋಗಿ ಸಂಖ್ಯೆ ಬರೆದಿದ್ದರೆ ಅವರ ಕೆಲಸ ಹಗುರ, ನಿಮಗೂ ಬೇಗ ಸಿಗುತ್ತದೆ.

ಒಂದಕ್ಕಿಂತ ಹೆಚ್ಚು ಸ್ಟೆಂಟ್ ಹಾಕಿದ್ದರೆ ಅಷ್ಟೂ ಸ್ಟಿಕ್ಕರ್ ಬೇಕು. ಒಂದೇ ದಿನ, ಒಂದೇ ಕಂಪನಿಯ ಎರಡು ಸ್ಟೆಂಟ್ ಹಾಕಿದ್ದರೂ ಅವುಗಳ ಲಾಟ್ ಬೇರೆ ಇರಬಹುದು. ಮಹಾಪಧಮನಿಯ ಸ್ಟೆಂಟ್ ಗ್ರಾಫ್ಟ್ ಆದರಂತೂ ದೇಹದ ಭಾಗ, ಕಾಲುಗಳ ಭಾಗ, ಸೇರ್ಪಡೆ ತುಂಡು ಎಂದು ಹಲವು ಪೆಟ್ಟಿಗೆ ಬಿಚ್ಚಿರುತ್ತಾರೆ. ಸ್ಟೆಂಟ್ ಗ್ರಾಫ್ಟ್ ಎಂದರೆ ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ. ಉಬ್ಬಿದ ರಕ್ತನಾಳ ಒಡೆಯದಂತೆ ಅದನ್ನು ಒಳಗಿನಿಂದ ಕೂರಿಸುತ್ತಾರೆ.

2. ಸ್ಟಿಕ್ಕರ್ ಓದಿ

ಸ್ಟಿಕ್ಕರಿನ ಅಕ್ಷರಗಳು ಸಾಸಿವೆಯಷ್ಟು ಸಣ್ಣವು. ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಕಾಣುವುದು ಇಷ್ಟು.

‘ರೆಫ್’ (REF) ಎಂದು ಚೌಕದೊಳಗೆ ಬರೆದದ್ದರ ಪಕ್ಕ ಇರುವುದು ಮಾಡೆಲ್ ಅಥವಾ ಕ್ಯಾಟಲಾಗ್ ಸಂಖ್ಯೆ. ‘ಲಾಟ್’ (LOT) ಎಂದು ಚೌಕದೊಳಗೆ ಬರೆದದ್ದರ ಪಕ್ಕ ಇರುವುದು ನಮಗೆ ಬೇಕಾದ ಗುಂಪಿನ ಸಂಖ್ಯೆ. ‘ಎಸ್‌ಎನ್’ (SN) ಇದ್ದರೆ ಅದು ಆ ಒಂದೇ ಸಾಧನದ ಸೀರಿಯಲ್ ನಂಬರ್. ಮರಳು ಗಡಿಯಾರದ ಚಿತ್ರದ ಪಕ್ಕ ಬಳಸಬೇಕಾದ ಕೊನೆಯ ದಿನಾಂಕ, ಕಾರ್ಖಾನೆಯ ಚಿತ್ರದ ಪಕ್ಕ ತಯಾರಕರ ಹೆಸರು ಅಥವಾ ತಯಾರಿಕೆಯ ದಿನಾಂಕ. 2 ಎಂಬ ಅಂಕಿಯ ಮೇಲೆ ಅಡ್ಡಗೆರೆ ಎಳೆದ ಚಿತ್ರವಿದ್ದರೆ ಒಂದೇ ಸಲ ಬಳಸಬೇಕಾದ ಸಾಧನ ಎಂದರ್ಥ.

ಬಾರ್‌ಕೋಡಿನ ಕೆಳಗೆ ಉದ್ದನೆಯ ಒಂದು ಸಾಲು ಇರುತ್ತದೆ. ನೋಡಿದರೆ ತಲೆ ತಿರುಗುತ್ತದೆ, ಬಿಡಿಸಿದರೆ ಸರಳ. ಆವರಣದೊಳಗಿನ ಅಂಕಿಗಳೇ ಬೀಗದ ಕೈ. (01) ಆದ ಮೇಲೆ ಬರುವ 14 ಅಂಕಿ ಆ ಉತ್ಪನ್ನದ ಗುರುತು. (17) ಆದ ಮೇಲೆ ಬಳಕೆಯ ಕೊನೆಯ ದಿನಾಂಕ, ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ. (11) ಇದ್ದರೆ ತಯಾರಿಕೆಯ ದಿನಾಂಕ. (10) ಆದ ಮೇಲೆ ಲಾಟ್. (21) ಆದ ಮೇಲೆ ಸೀರಿಯಲ್ ನಂಬರ್. ಉದಾಹರಣೆಗೆ ಸಾಲಿನ ಕೊನೆಯ ಭಾಗ (17)270630(10)482117 ಎಂದಿದ್ದರೆ, 2027ರ ಜೂನ್ 30ರೊಳಗೆ ಬಳಸಬೇಕಾದ, 482117 ಲಾಟಿನ ಸಾಧನ ಅದು. ದಿನದ ಜಾಗದಲ್ಲಿ 00 ಕಂಡರೆ ಆ ತಿಂಗಳ ಕೊನೆಯ ದಿನ ಎಂದು ಓದಿಕೊಳ್ಳಿ. ಈ ಇಡೀ ಸಾಲಿಗೆ ಯುಡಿಐ ಎನ್ನುತ್ತಾರೆ, ಅಂದರೆ ಸಾಧನದ ವಿಶಿಷ್ಟ ಗುರುತು. ಅಮೆರಿಕ ಈ ಬಗ್ಗೆ 2013ರಲ್ಲಿ ನಿಯಮ ತಂದಿತು. ಯುರೋಪಿನಲ್ಲಿ 2021ರ ಮೇ 26ರಿಂದ ಅನ್ವಯವಾದ ಹೊಸ ಕಾನೂನು, ಒಳಗೆ ಉಳಿಯುವ ಸಾಧನಗಳಿಗೆ ಇಂಪ್ಲಾಂಟ್ ಕಾರ್ಡ್ ಕೊಡಬೇಕೆನ್ನುತ್ತದೆ.

ಇಲ್ಲಿ ಜನ ಎಡವುವುದು ಎರಡು ಕಡೆ. 3.0 x 18 ಎಂಬುದನ್ನು ಮಾಡೆಲ್ ನಂಬರ್ ಎಂದುಕೊಳ್ಳುತ್ತಾರೆ. ಅದು ಸ್ಟೆಂಟಿನ ಅಳತೆ: 3 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಉದ್ದ. ಇನ್ನೊಂದು, ಲಾಟ್ ಬರೆದುಕೊಳ್ಳುವಾಗ ಸೊನ್ನೆಯನ್ನು ಓ ಅಕ್ಷರವೆಂದೂ, ಒಂದನ್ನು ಐ ಅಕ್ಷರವೆಂದೂ ಬರೆಯುವುದು. ಕೈಯಲ್ಲಿ ಬರೆದದ್ದನ್ನು ನಂಬಬೇಡಿ, ಫೋಟೋವನ್ನೇ ಇಟ್ಟುಕೊಳ್ಳಿ.

3. ನೋಟಿಸಿನ ಮೂಲ ಪ್ರತಿ ಓದಿ

ವಾಟ್ಸಾಪ್‌ನಲ್ಲಿ ಬಂದ ನಾಲ್ಕು ಸಾಲು ನೋಟಿಸಲ್ಲ. ಕಂಪನಿ ಆಸ್ಪತ್ರೆಗಳಿಗೆ ಬರೆದ ಪತ್ರ ಅಥವಾ ನಿಯಂತ್ರಣ ಸಂಸ್ಥೆಯ ಪುಟ ಸಿಗುವವರೆಗೆ ಹುಡುಕಿ. ಅಮೆರಿಕದಲ್ಲಿ ಎಫ್‌ಡಿಎ, ಬ್ರಿಟನ್‌ನಲ್ಲಿ ಎಂಎಚ್‌ಆರ್‌ಎ, ಭಾರತದಲ್ಲಿ ಸಿಡಿಎಸ್‌ಸಿಓ ಇಂಥ ಸಂಸ್ಥೆಗಳು. ಯುರೋಪಿನಲ್ಲಿ ಇದೇ ಪತ್ರಕ್ಕೆ ‘ಫೀಲ್ಡ್ ಸೇಫ್ಟಿ ನೋಟಿಸ್’ ಎಂದು ಹೆಸರು. ರೀಕಾಲ್ ಎಂಬ ಪದವೇ ಅದರಲ್ಲಿ ಇಲ್ಲದಿರಬಹುದು.

ನೋಟಿಸಿನಲ್ಲಿ ನಾಲ್ಕು ಅಂಶ ನೋಡಿ: ಉತ್ಪನ್ನದ ಪೂರ್ತಿ ಹೆಸರು, ರೆಫ್ ಮತ್ತು ಲಾಟ್‌ಗಳ ಪಟ್ಟಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಮಾರಾಟವಾದದ್ದು, ಏನು ಮಾಡಬೇಕೆಂಬ ಸೂಚನೆ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ರೀಕಾಲ್ ಎಂದರೆ ಸಾಧನವನ್ನು ಹಿಂದಕ್ಕೆ ಕಳಿಸುವುದು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಅಮೆರಿಕದ ನಿಯಮದಲ್ಲಿ ಅದಕ್ಕೆ ಎರಡು ರೂಪ: ಸಾಧನವನ್ನೇ ವಾಪಸ್ ಪಡೆಯುವುದು ಒಂದು, ಇದ್ದಲ್ಲೇ ಸರಿಪಡಿಸುವುದು ಇನ್ನೊಂದು. ಬಳಕೆಯ ಸೂಚನೆಯನ್ನು ಬದಲಿಸಿದರೂ, ಎಚ್ಚರಿಕೆಯನ್ನು ಮತ್ತೆ ಒತ್ತಿ ಹೇಳಿದರೂ ಅದು ಎರಡನೆಯದರ ಲೆಕ್ಕಕ್ಕೇ ಬರುತ್ತದೆ. ಮೆಡ್‌ಟ್ರಾನಿಕ್ ಕಂಪನಿಯ ಹಾಕ್‌ಒನ್ ಎಂಬ, ಕಾಲಿನ ರಕ್ತನಾಳದ ಕೊಬ್ಬನ್ನು ಕೆರೆದು ತೆಗೆಯುವ ಸಾಧನದ ವಿಷಯದಲ್ಲಿ ಆದದ್ದು ಇದೇ. 2022ರ ಆರಂಭದಲ್ಲಿ ಎಫ್‌ಡಿಎ ಆ ರೀಕಾಲ್ ಅನ್ನು ಅತ್ಯಂತ ಗಂಭೀರ ದರ್ಜೆಗೆ ಸೇರಿಸಿತು. 95,110 ಸಾಧನಗಳು ಅದರ ವ್ಯಾಪ್ತಿಯಲ್ಲಿದ್ದವು. ಆದರೂ ಒಂದನ್ನೂ ಹಿಂದಿರುಗಿಸಲು ಕಂಪನಿ ಆಸ್ಪತ್ರೆಗಳಿಗೆ ಹೇಳಲಿಲ್ಲ. ಒಳಗಿನ ತಂತಿ ಜಾರಿ ಸಾಧನದ ತುದಿಗೆ ಪೆಟ್ಟಾಗುವ ಅಪಾಯದ ಬಗ್ಗೆ ಬಳಕೆಯ ಎಚ್ಚರಿಕೆಗಳನ್ನು ಮತ್ತೊಮ್ಮೆ ಓದಿಕೊಳ್ಳಿ ಎಂದಿತು.

ಎಲ್ಲ ಎಚ್ಚರಿಕೆಯೂ ರೀಕಾಲ್ ಅಲ್ಲ ಎಂಬುದನ್ನೂ ಗಮನಿಸಿ. ಕಾಲಿನಿಂದ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗದಂತೆ ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ಕೂರಿಸುವ ಜಾಲರಿಗೆ ಐವಿಸಿ ಫಿಲ್ಟರ್ ಎನ್ನುತ್ತಾರೆ. 2010ರ ಆಗಸ್ಟ್‌ನಲ್ಲಿ ಎಫ್‌ಡಿಎ ಇದರ ಬಗ್ಗೆ ಕೊಟ್ಟದ್ದು ಸುರಕ್ಷತಾ ಸೂಚನೆ: 2005ರಿಂದ 921 ದೂರುಗಳು ಬಂದಿವೆ, ಜಾಗ ಬಿಟ್ಟು ಸರಿದದ್ದೇ 328, ಅಪಾಯ ಕಳೆದ ಮೇಲೆ ತೆಗೆಯಬಹುದಾದ ಫಿಲ್ಟರನ್ನು ತೆಗೆಯುವ ಬಗ್ಗೆ ಯೋಚಿಸಿ ಎಂದು. ಇಲ್ಲಿ ಲಾಟ್ ಹೊಂದಿಸುವ ಪ್ರಶ್ನೆಯೇ ಬರುವುದಿಲ್ಲ, ಆ ಬಗೆಯ ಸಾಧನ ಇರುವ ಎಲ್ಲರಿಗೂ ಅದು ಅನ್ವಯ.

ದಿನಾಂಕವನ್ನೂ ನೋಡಿ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಲೇಪಿಸಿದ ಬಲೂನು, ಸ್ಟೆಂಟ್‌ಗಳನ್ನು ಕಾಲಿಗೆ ಬಳಸಿದವರಲ್ಲಿ ಸಾವು ಹೆಚ್ಚೆಂದು 2018ರ ಡಿಸೆಂಬರ್‌ನಲ್ಲಿ ಒಂದು ವಿಶ್ಲೇಷಣೆ ಬಂತು. 2019ರಲ್ಲಿ ಎಫ್‌ಡಿಎ ವೈದ್ಯರಿಗೆ ಎಚ್ಚರಿಕೆ ಪತ್ರ ಬರೆಯಿತು. ಇನ್ನಷ್ಟು ರೋಗಿಗಳ ದೀರ್ಘಕಾಲದ ಮಾಹಿತಿ ನೋಡಿ 2023ರ ಜುಲೈನಲ್ಲಿ ಅದೇ ಸಂಸ್ಥೆ, ಸಾವಿನ ಅಪಾಯ ಹೆಚ್ಚೆನ್ನಲು ಆಧಾರವಿಲ್ಲ ಎಂದಿತು. 2019ರ ಪತ್ರ ಇವತ್ತಿಗೂ ಫಾರ್ವರ್ಡ್ ಆಗುತ್ತಿದ್ದರೆ ಆಶ್ಚರ್ಯವಿಲ್ಲ.

4. ದರ್ಜೆ ಓದುವಾಗ ತಲೆಕೆಳಗು ಮಾಡಿಕೊಳ್ಳಬೇಡಿ

ಎಫ್‌ಡಿಎ ರೀಕಾಲ್‌ಗಳನ್ನು ಮೂರು ದರ್ಜೆ ಮಾಡುತ್ತದೆ. ದರ್ಜೆ 1 ಎಂದರೆ ಸಾವು ಅಥವಾ ಗಂಭೀರ ಹಾನಿ ಆಗುವ ಸಂಭವ ಇದೆ. ದರ್ಜೆ 2 ಎಂದರೆ ತಾತ್ಕಾಲಿಕ ಅಥವಾ ಗುಣವಾಗುವಂಥ ತೊಂದರೆ, ಇಲ್ಲವೇ ಗಂಭೀರ ಹಾನಿಯ ಸಾಧ್ಯತೆ ತೀರಾ ಕಡಿಮೆ. ದರ್ಜೆ 3 ಎಂದರೆ ಹಾನಿಯ ಸಂಭವ ಇಲ್ಲವೆನ್ನುವಷ್ಟು.

ಗೊಂದಲ ಎಲ್ಲಿ ಎಂದರೆ, ಸಾಧನಗಳಿಗೂ ವರ್ಗಗಳಿವೆ, ಅವು ಇದಕ್ಕೆ ಉಲ್ಟಾ. ಅಮೆರಿಕದಲ್ಲಿ ಹೃದಯದ ಸ್ಟೆಂಟ್ 3ನೇ ವರ್ಗದ ಸಾಧನ, ಅಂದರೆ ಅತಿ ಹೆಚ್ಚು ಅಪಾಯದ್ದು. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮದಲ್ಲಿ ಎ, ಬಿ, ಸಿ, ಡಿ ಎಂದಿದ್ದು ‘ಡಿ’ ಅತಿ ಹೆಚ್ಚು ಅಪಾಯದ ವರ್ಗ. ‘3ನೇ ವರ್ಗದ ಸ್ಟೆಂಟ್ ರೀಕಾಲ್’ ಎಂದು ಓದಿ ಇದು ಸಣ್ಣ ದರ್ಜೆ ಎಂದು ಸುಮ್ಮನಾದರೆ ಕೆಲಸ ಕೆಟ್ಟಿತು.

ಎಫ್‌ಡಿಎಯ ಡೇಟಾಬೇಸಿನಲ್ಲಿ ರೀಕಾಲ್ ‘ಟರ್ಮಿನೇಟೆಡ್’ ಎಂದು ಕಂಡರೆ ವಾಪಸ್ ಪಡೆಯುವ ಅಥವಾ ಸರಿಪಡಿಸುವ ಕೆಲಸ ಮುಗಿದಿದೆ ಎಂದಷ್ಟೇ. ಸಾಧನ ನಿರ್ದೋಷಿ ಎಂದು ತೀರ್ಪು ಬಂದಿದೆ ಎಂದಲ್ಲ.

5. ಒಳಗೆ ಉಳಿದದ್ದೋ, ಹೊರಗೆ ಬಂದದ್ದೋ

ನನ್ನ ಅನುಭವದಲ್ಲಿ ಅರ್ಧ ಭಯ ಇಳಿಯುವುದು ಈ ಹಂತದಲ್ಲಿ. ರಕ್ತನಾಳದ ಚಿಕಿತ್ಸೆಯಲ್ಲಿ ಬಳಸುವ ಸಾಮಾನುಗಳು ಎರಡು ಬಗೆ. ಗೈಡ್‌ವೈರ್ ಎಂಬ ದಾರಿ ತೋರುವ ತಂತಿ, ಕ್ಯಾತಿಟರ್ ಎಂಬ ತೆಳು ಕೊಳವೆ, ಬಲೂನು, ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ದ್ವಾರದಂತೆ ಇಡುವ ಶೀತ್, ಇವೆಲ್ಲ ಕೆಲಸ ಮುಗಿದ ಮೇಲೆ ಹೊರಗೆ ಬರುತ್ತವೆ. ಸ್ಟೆಂಟ್, ಗ್ರಾಫ್ಟ್, ಫಿಲ್ಟರ್ ಒಳಗೇ ಉಳಿಯುತ್ತವೆ.

ಪೇಚಿಗೆ ಸಿಕ್ಕಿಸುವುದು ಮಧ್ಯದ ಸ್ಥಿತಿ. ಹೃದಯದ ಸ್ಟೆಂಟ್ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬರುವುದಿಲ್ಲ, ಕ್ಯಾತಿಟರ್ ತುದಿಯ ಬಲೂನಿನ ಮೇಲೆ ಬಿಗಿದಿರುತ್ತದೆ. ಬಲೂನಿಗೆ ದ್ರವ ತುಂಬಿದಾಗ ಸ್ಟೆಂಟ್ ಅರಳಿ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬಲೂನನ್ನು ಕುಗ್ಗಿಸಿ ಎಳೆದುಕೊಳ್ಳುತ್ತಾರೆ. 2004ರ ಜುಲೈನಲ್ಲಿ ಬಾಸ್ಟನ್ ಸೈಂಟಿಫಿಕ್ ಕಂಪನಿ ಸುಮಾರು 85,000 ಟ್ಯಾಕ್ಸಸ್ ಸ್ಟೆಂಟ್‌ಗಳನ್ನು ವಾಪಸ್ ಕರೆಸಿಕೊಂಡಿತು. ದೋಷವಿದ್ದದ್ದು ಬಲೂನಿನಲ್ಲಿ: ಅದು ಕುಗ್ಗದೆ ರಕ್ತದ ಹರಿವನ್ನೇ ತಡೆಯುತ್ತಿತ್ತು. ಅದು ಚಿಕಿತ್ಸೆಯ ಮೇಜಿನ ಮೇಲೆಯೇ ತಿಳಿದುಬಿಡುವ ಅಪಾಯ. ಸ್ಟೆಂಟ್ ಸರಿಯಾಗಿ ಕೂತು, ಬಲೂನು ಹೊರಬಂದು, ಮನೆಗೆ ಹೋದವರಿಗೆ ಆ ದೋಷ ಅನ್ವಯಿಸುವುದಿಲ್ಲ. ಸುದ್ದಿಯ ತಲೆಬರಹದಲ್ಲಿ ಮಾತ್ರ ‘ಸ್ಟೆಂಟ್ ರೀಕಾಲ್’ ಎಂದೇ ಇತ್ತು.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಮೆಡ್‌ಟ್ರಾನಿಕ್‌ನ ವ್ಯಾಲಿಯಂಟ್ ನ್ಯಾವಿಯನ್, ಎದೆಯ ಭಾಗದ ಮಹಾಪಧಮನಿಗೆ ಹಾಕುವ ಸ್ಟೆಂಟ್ ಗ್ರಾಫ್ಟ್. ಅಧ್ಯಯನದಲ್ಲಿದ್ದ ರೋಗಿಗಳ ಸ್ಕ್ಯಾನ್‌ಗಳಲ್ಲಿ ಲೋಹದ ಸುತ್ತು ಮುರಿದದ್ದು, ಗ್ರಾಫ್ಟಿನ ಮೂಲಕ ರಕ್ತ ಸೋರಿದ್ದು ಕಂಡುಬಂದು 2021ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಅದನ್ನು ಹಿಂತೆಗೆದುಕೊಂಡರು. ಇಲ್ಲಿ ದೋಷ ಒಳಗೆ ಉಳಿದ ಭಾಗದ್ದೇ. ಬಳಸದ ಪೆಟ್ಟಿಗೆಗಳು ಕಂಪನಿಗೆ ಹೋದವು, ಹಾಕಿಸಿಕೊಂಡವರಿಗೆ ಸ್ಕ್ಯಾನ್ ಮೂಲಕ ನಿಗಾ ಇಡಬೇಕೆಂಬ ಸಲಹೆ ಬಂತು.

ಹೊರಬಂದ ಸಾಮಾನಿನ ವಿಷಯದಲ್ಲೂ ಒಂದು ವಿನಾಯಿತಿ ಇದೆ. ತಂತಿ, ಕೊಳವೆಗಳು ಸಲೀಸಾಗಿ ಜಾರಲೆಂದು ಅವಕ್ಕೆ ಬಳಿದ ಲೇಪನ ಕೆಲವೊಮ್ಮೆ ಸುಲಿದು ರಕ್ತದಲ್ಲಿ ಉಳಿಯುತ್ತದೆ. 2015ರ ನವೆಂಬರ್‌ನಲ್ಲಿ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಸಿತ್ತು. ನಿಮ್ಮ ರೀಕಾಲ್ ‘ಲೇಪನ ಬೇರ್ಪಡುವಿಕೆ’ ಅಥವಾ ‘ತುಂಡು ಮುರಿಯುವಿಕೆ’ಯದಾಗಿದ್ದರೆ, ಚಿಕಿತ್ಸೆ ಮುಗಿದಾಗ ಸಾಧನ ಪೂರ್ತಿಯಾಗಿ ಹೊರಬಂತೆಂದು ದಾಖಲೆಯಲ್ಲಿ ಇದೆಯೇ ಎಂದು ಕೇಳಿ. ತೊಂದರೆ ಏನೆಂದರೆ, ಹೊರಬರುವ ಸಾಮಾನುಗಳ ಲಾಟನ್ನು ಎಷ್ಟೋ ಕಡೆ ರೋಗಿಯ ಕಡತದಲ್ಲಿ ಬರೆಯುವುದೇ ಇಲ್ಲ. ಒಂದೇ ಸಲದ ಸಾಧನವನ್ನು ಶುದ್ಧಿ ಮಾಡಿ ಮತ್ತೆ ಬಳಸಿದ್ದರಂತೂ ಪೆಟ್ಟಿಗೆ, ಸ್ಟಿಕ್ಕರ್ ಎರಡೂ ಮೊದಲ ರೋಗಿಯ ದಿನವೇ ಹೋಗಿರುತ್ತವೆ.

6. ವೈದ್ಯರ ಮುಂದೆ

ಚಿಕಿತ್ಸೆ ಮಾಡಿದ ವೈದ್ಯರನ್ನೇ ನೋಡುವುದು ಒಳ್ಳೆಯದು. ಸ್ಟಿಕ್ಕರ್ ಮತ್ತು ನೋಟಿಸ್ ಎರಡರ ಪ್ರತಿಯನ್ನೂ ಒಯ್ಯಿರಿ. ‘ಡಾಕ್ಟ್ರೇ, ಇದು ನನಗೆ ಹಾಕಿದ್ದರ ರೆಫ್ ಮತ್ತು ಲಾಟ್, ಇದು ನೋಟಿಸು. ನನ್ನದು ಇದರಲ್ಲಿ ಸೇರುತ್ತಾ? ಸೇರಿದರೆ ಯಾವ ತಪಾಸಣೆ, ಯಾವಾಗ?’ ಇಷ್ಟು ಕೇಳಿದರೆ ಮಾತು ನೇರವಾಗಿ ವಿಷಯಕ್ಕೆ ಬರುತ್ತದೆ. ‘ನೀವು ಹಾಳು ಸ್ಟೆಂಟ್ ಹಾಕಿದ್ದೀರಿ’ ಎಂದು ಶುರು ಮಾಡಿದರೆ ಮೊದಲ ಹತ್ತು ನಿಮಿಷ ಸಮಜಾಯಿಷಿಯಲ್ಲೇ ಕಳೆಯುತ್ತದೆ. ಉತ್ತರವನ್ನು ಹೊರರೋಗಿ ಚೀಟಿಯಲ್ಲಿ ಬರೆಸಿಕೊಳ್ಳಿ, ‘ಲಾಟ್ ಹೊಂದುವುದಿಲ್ಲ’ ಎಂಬ ಒಂದು ಸಾಲಾದರೂ ಸರಿ.

‘ತೆಗೆದುಬಿಡಿ’ ಎಂದು ಹಟ ಹಿಡಿಯಬೇಡಿ. ಹಾಕಿದ ಕೆಲವು ವಾರ, ತಿಂಗಳಲ್ಲಿ ಸ್ಟೆಂಟಿನ ತಂತಿಗಳ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳುತ್ತದೆ. ಗೋಡೆಗೆ ಹೊಡೆದ ಮೊಳೆ ಕೀಳುವಂತೆ ಕೀಳಲು ಬರುವುದಿಲ್ಲ. ಗ್ರಾಫ್ಟ್ ತೆಗೆಯುವುದೆಂದರೆ ದೊಡ್ಡ ಶಸ್ತ್ರಚಿಕಿತ್ಸೆ, ಅದರ ಅಪಾಯ ರೀಕಾಲ್‌ನ ಅಪಾಯಕ್ಕಿಂತ ಹೆಚ್ಚಿರಬಹುದು. ಐವಿಸಿ ಫಿಲ್ಟರ್ ಮಾತ್ರ ಬೇರೆ ಕಥೆ. ತೆಗೆಯಬಹುದಾದ ಬಗೆಯದ್ದಾದರೆ ಕ್ಯಾತಿಟರ್ ಮೂಲಕವೇ ತೆಗೆಯುತ್ತಾರೆ, ತಡವಾದಷ್ಟೂ ಕಷ್ಟ. ಶ್ವಾಸಕೋಶಕ್ಕೆ ಗಡ್ಡೆ ಹೋಗುವ ಭಯ ಕಳೆದವರಲ್ಲಿ, ಹಾಕಿದ 29ರಿಂದ 54ನೇ ದಿನದ ನಡುವೆ ಫಿಲ್ಟರ್ ತೆಗೆಯುವುದರ ಲಾಭವು ಅಪಾಯವನ್ನು ಮೀರತೊಡಗುತ್ತದೆ ಎಂದು ಎಫ್‌ಡಿಎ 2014ರಲ್ಲಿ ಹೇಳಿತ್ತು.

ನಿಗಾ ಇಡುವ ರೀತಿ ಸಾಧನದ ಮೇಲೆ ಹೋಗುತ್ತದೆ. ಗ್ರಾಫ್ಟಿಗೆ ಸಾಮಾನ್ಯವಾಗಿ ಸಿಟಿ ಆಂಜಿಯೋ, ಕಾಲಿನ ಸ್ಟೆಂಟಿಗೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಲೋಹ ಮುರಿದಿದೆಯೇ ನೋಡಲು ಕೆಲವೊಮ್ಮೆ ಎಕ್ಸ್‌ರೇ. ಸಿಟಿ ಆಂಜಿಯೋಗೆ ಡೈ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ, ಮೊದಲು ಡೈ ಅಲರ್ಜಿ ಆಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಸ್ಕ್ಯಾನ್ ಬುಕ್ ಮಾಡುವಾಗಲೇ ಹೇಳಿ. ಹಳೆಯ ಸ್ಕ್ಯಾನ್‌ಗಳ ಸಿ.ಡಿ. ಒಯ್ಯಿರಿ, ರಿಪೋರ್ಟ್ ಹಾಳೆಯಷ್ಟೇ ಸಾಲದು. ಸ್ಟೆಂಟಿನ ಸುತ್ತು ಮುರಿದದ್ದು ಹಳೆಯ ಚಿತ್ರದಲ್ಲೇ ಇದ್ದು, ಆಗ ಯಾರೂ ಅದನ್ನು ಹುಡುಕದಿದ್ದ ಕಾರಣ ಕಣ್ಣಿಗೆ ಬೀಳದೆ ಹೋಗಿರಬಹುದು.

7. ತೊಂದರೆ ಆಗಿದ್ದರೆ ವರದಿ ಮಾಡಿ

ಸಾಧನಗಳಿಂದಾದ ತೊಂದರೆಯನ್ನು ವರದಿ ಮಾಡಲು ವ್ಯವಸ್ಥೆಗಳಿವೆ: ಅಮೆರಿಕದಲ್ಲಿ ಮೆಡ್‌ವಾಚ್, ಬ್ರಿಟನ್‌ನಲ್ಲಿ ಯೆಲ್ಲೋ ಕಾರ್ಡ್, ಭಾರತದಲ್ಲಿ 2015ರಲ್ಲಿ ಶುರುವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ. ಭಾರತದ್ದನ್ನು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. ರೋಗಿ ಅಥವಾ ಮನೆಯವರೂ ವರದಿ ಕೊಡಬಹುದು. ರೆಫ್, ಲಾಟ್, ಹಾಕಿದ ದಿನಾಂಕ, ತೊಂದರೆ ಕಂಡ ದಿನಾಂಕ, ಏನಾಯಿತು, ಇಷ್ಟು ಬರೆದರೆ ಸಾಕು. ಯಾರ ತಪ್ಪೆಂದು ನೀವು ಸಾಬೀತು ಮಾಡಬೇಕಿಲ್ಲ. ಇಂಥ ಡೇಟಾಬೇಸ್ ಓದುವಾಗಲೂ ಇದನ್ನೇ ನೆನಪಿಡಿ: ಅಲ್ಲಿರುವುದು ದೂರು, ಕಾರಣದ ತೀರ್ಮಾನವಲ್ಲ.

ಕಂಪನಿಗೆ ತಿಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಗೈಡೆಂಟ್ ಕಂಪನಿಯ ಅಂಗಸಂಸ್ಥೆ ಎಂಡೋವಾಸ್ಕ್ಯುಲರ್ ಟೆಕ್ನಾಲಜೀಸ್, ಹೊಟ್ಟೆಯ ಮಹಾಪಧಮನಿಗೆ ಆಂಕ್ಯೂರ್ ಎಂಬ ಗ್ರಾಫ್ಟ್ ಮಾಡುತ್ತಿತ್ತು. ಅದನ್ನು ಕೂರಿಸುವಾಗ ಎದುರಾದ ತೊಂದರೆಗಳ 2,628 ವರದಿಗಳನ್ನು ಆ ಸಂಸ್ಥೆ ಎಫ್‌ಡಿಎಗೆ ಸಲ್ಲಿಸಿರಲಿಲ್ಲ. ಅವುಗಳಲ್ಲಿ 12 ಸಾವುಗಳೂ ಇದ್ದವು. 2003ರಲ್ಲಿ ಅದು ತಪ್ಪೊಪ್ಪಿಕೊಂಡು 9.24 ಕೋಟಿ ಡಾಲರ್ ತೆತ್ತಿತು. ಕಂಪನಿಗೂ ಬರೆಯಿರಿ, ನಿಯಂತ್ರಣ ಸಂಸ್ಥೆಗೂ ನೇರವಾಗಿ ಬರೆಯಿರಿ.

ಸಾಧನವನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯೇ ನಿಗದಿಯಾಗಿದ್ದರೆ, ಅದರ ಹಿಂದಿನ ದಿನವೇ ‘ತೆಗೆದ ಸಾಧನವನ್ನು ಎಸೆಯಬಾರದು’ ಎಂದು ಬರೆದು ಸಹಿ ಮಾಡಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಹೇಳದಿದ್ದರೆ ಅದು ಆಸ್ಪತ್ರೆಯ ಜೈವಿಕ ತ್ಯಾಜ್ಯದ ಚೀಲ ಸೇರುತ್ತದೆ. ಯಾವ ದ್ರವದಲ್ಲಿ, ಯಾರ ಬಳಿ ಇಡುತ್ತಾರೆ ಎಂದು ಪೆಥಾಲಜಿ ವಿಭಾಗವನ್ನು ಮೊದಲೇ ಕೇಳಿ. ಕಂಪನಿಯವರು ಪರೀಕ್ಷೆಗೆಂದು ಒಯ್ಯಲು ಬಂದರೆ ಕೊಡುವ ಮುಂಚೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಸಿ. ಯಾವ ದಿನ ಯಾರಿಗೆ ಕೊಟ್ಟೆವು, ಪರೀಕ್ಷೆಯ ವರದಿ ನಮಗೂ ಬರಬೇಕು, ಪರೀಕ್ಷೆಯಲ್ಲಿ ಅದನ್ನು ಕತ್ತರಿಸುವುದಿದ್ದರೆ ಮೊದಲೇ ತಿಳಿಸಬೇಕು ಎಂದು ಬರೆಸಿಕೊಳ್ಳಿ.